ಸ್ಟ್ರಟ್ ಬಿಚ್ಚುವ ಮುನ್ನ ನಕಲ್ ಮೇಲೆ ಒಂದು ಗೆರೆ

ಕಾರಿನ ಮುಂಚಕ್ರದ ಬಳಿ ಸ್ಪ್ರಿಂಗ್ ಹಾಗೂ ಶಾಕ್ ಅಬ್ಸಾರ್ಬರ್ ಒಂದಾಗಿರುವ ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟ್ ಸಡಿಲಿಸುವ ಮೊದಲು ಚಕ್ರವನ್ನು ಹೊರುವ ಲೋಹದ ಭಾಗವಾದ ನಕಲ್ ಅನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸ್ಟ್ರಟ್ ಬ್ರಾಕೆಟ್‌ನ ಅಂಚಿಗೆ ಸರಿಯಾಗಿ ಪೇಂಟ್ ಮಾರ್ಕರ್‌ನಿಂದ ಗೆರೆ ಎಳೆದಿಡಿ. ಹೊಸ ಸ್ಟ್ರಟ್ ಕೂರಿಸಿ, ಅದರ ಅಂಚನ್ನು ಆ ಗೆರೆಗೆ ತಂದು ಹಿಡಿದುಕೊಂಡೇ ಬೋಲ್ಟ್ ಬಿಗಿಯಿರಿ. ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬರುತ್ತದೆ. ಅಲ್ಲಿನ ತೂತುಗಳು ಬೋಲ್ಟ್‌ಗಿಂತ ಕೊಂಚ ದೊಡ್ಡವು. ಎರಡು ಬೋಲ್ಟ್‌ಗಳ ನಡುವೆ 60 ಮಿ.ಮೀ. ಅಂತರವಿದ್ದರೆ ಮೇಲಿನ ಬೋಲ್ಟ್ ಬಳಿ ನಕಲ್ ಬರೀ 1 ಮಿ.ಮೀ. ಸರಿದರೂ ಚಕ್ರ ಸುಮಾರು 1 ಡಿಗ್ರಿ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಜೊತೆಗೇ ಕೆಡುತ್ತದೆ. ಒಂದು ಬೋಲ್ಟ್ ಕ್ಯಾಮ್ ಮಾದರಿಯದಾಗಿದ್ದರೆ (ತಿರುಗಿಸಿದರೆ ಕೋನ ಬದಲಾಗುವಂಥದ್ದು) ಅದರ ತಲೆಯ ಸ್ಥಾನವನ್ನೂ ಗುರುತು ಮಾಡಿ. ಬೇರೆ ಕಂಪನಿಯ ಸ್ಟ್ರಟ್‌ನಲ್ಲಿ ಬ್ರಾಕೆಟ್‌ನ ಆಕಾರವೇ ಬೇರೆಯಿದ್ದರೆ ಈ ಗೆರೆಯನ್ನು ನಂಬಬೇಡಿ. ಕುಸಿದ ಸ್ಪ್ರಿಂಗ್ ಬದಲಿಸಿದಾಗಲೂ ಅಷ್ಟೇ, ಗಾಡಿಯ ಎತ್ತರವೇ ಬದಲಾಗಿರುತ್ತದೆ. ಹಳೆಯ ಸ್ಟ್ರಟ್ ಬಾಗಿದ್ದರಂತೂ ತಪ್ಪು ಕೋನವನ್ನೇ ನಕಲು ಮಾಡಿದಂತಾಗುತ್ತದೆ. ಇದು ವೀಲ್ ಅಲೈನ್‌ಮೆಂಟ್‌ಗೆ ಬದಲಿಯಲ್ಲ, ಅಲ್ಲಿಯವರೆಗೆ ಟೈರ್ ಸವೆಯದಂತೆ ಗಾಡಿ ಓಡಿಸಲು ಸಾಕು. ಎಡ ಬಲ ಎರಡನ್ನೂ ಒಟ್ಟಿಗೇ ಬದಲಿಸಿ, ಸ್ಟ್ರಟ್ ಅನ್ನು ಬಾಡಿಗೆ ಕೂರಿಸುವ ಮೇಲಿನ ಮೌಂಟ್ ಮತ್ತು ಬೇರಿಂಗ್ ಕೂಡ ಹೊಸದನ್ನೇ ಹಾಕಿ. ಹಳೆಯ ಬೇರಿಂಗ್ ಬಿಗಿದುಕೊಂಡರೆ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಸುತ್ತಿಕೊಂಡು ಟಣ್ ಎನ್ನುತ್ತದೆ. ಇನ್ನೊಂದು ಮಾತು: ಮೇಲಿನ ನಟ್ ಬಿಗಿಯುವಾಗ ಹೊಳೆಯುವ ರಾಡನ್ನು ಪ್ಲೈಯರ್‌ನಿಂದ ಹಿಡಿಯಬೇಡಿ. ಅದರ ಮೇಲಿನ ಗೀರು ಸೀಲ್ ಹರಿದು, ಹೊಸ ಸ್ಟ್ರಟ್ಟೇ ಎಣ್ಣೆ ಸೋರತೊಡಗುತ್ತದೆ. ರಾಡ್ ತುದಿಯಲ್ಲಿರುವ ಷಡ್ಭುಜ ಕುಳಿಗೆ ಅಲೆನ್ ಕೀ ಹಾಕಿ ತಡೆಹಿಡಿಯಿರಿ.