ರಾತ್ರಿಯ ಲೆಕ್ಕ ಬಿಡಿ, ಬೆಳಿಗ್ಗೆ ನೋಡಿ: ಕುಡಿತ ಕಾಯಿಲೆಯಾಗಿದೆಯೇ ಎಂದು ಗುರುತಿಸುವ ಬಗೆ

ಕೋಲಾರದ ಟೊಮೆಟೊ ಮಂಡಿಯಲ್ಲಾಗಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಾಗಲಿ, ಕುಡುಕ ಅಂದರೆ ಜನರ ಕಣ್ಣಿಗೆ ಬರುವುದು ಮೋರಿ ಪಕ್ಕ ಬಿದ್ದವನು. ಗೂಡು ತೂಗಿಸಿ, ದುಡ್ಡು ಎಣಿಸಿ, ರಾತ್ರಿ ಎರಡು ನೈಂಟಿ ಹಾಕಿ, ಯಾರ ತಂಟೆಗೂ ಹೋಗದೆ ಮಲಗುವವನನ್ನು ಯಾರೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾಯಿಲೆ ಇಂಥವರಲ್ಲೂ ಬೆಳೆಯುತ್ತದೆ, ಅದೂ ಸದ್ದಿಲ್ಲದೆ. ರಾತ್ರಿ ಗಲಾಟೆ ಮಾಡುವ ಎಲ್ಲರೂ ರೋಗಿಗಳಲ್ಲ. ಗಲಾಟೆ ಮಾಡದವರೆಲ್ಲ ಸರಿಯಾಗಿದ್ದಾರೆ ಎಂದೂ ಅಲ್ಲ. ಮನೆಯವರು ನೋಡಬೇಕಾದ ಹೊತ್ತು ಬೆಳಗಿನದು.

ಆದರೂ ಮೊದಲು ಅಳತೆ ಸರಿಮಾಡಿಕೊಳ್ಳೋಣ, ಯಾಕೆಂದರೆ 'ಸ್ವಲ್ಪ' ಅನ್ನುವ ಮಾತಿಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ.

ಕ್ವಾರ್ಟರ್‌ನಲ್ಲಿ ಎಷ್ಟಿದೆ

ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಪ್ಯಾಕೆಟ್ ಮೇಲೆ ಶೇ. 42.8 ಎಂದು ಅಚ್ಚಾಗಿರುತ್ತದೆ. ಅಂದರೆ 180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್, 90 ಎಂಎಲ್ ಟೆಟ್ರಾ ಪ್ಯಾಕಿನಲ್ಲಿ ಸುಮಾರು 30 ಗ್ರಾಂ. ನಮ್ಮ ದೇಶದ ವೈದ್ಯರು 10 ಗ್ರಾಂ ಅನ್ನು ಒಂದು ಅಳತೆ ಎಂದು ಹಿಡಿಯುತ್ತಾರೆ. ಹಾಗಾಗಿ ನೈಂಟಿಗೆ ಮೂರು, ಕ್ವಾರ್ಟರ್‌ಗೆ ಆರು. 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಶೇ. 8 ಇದ್ದರೆ, ನಾಲ್ಕು. 'ಬಿಯರ್ ಅಷ್ಟೇ ಕಣೋ' ಅನ್ನುವವನು ಒಂದು ನೈಂಟಿಗಿಂತ ಹೆಚ್ಚೇ ಕುಡಿದಿರುತ್ತಾನೆ. ನೀರು ಜಾಸ್ತಿ ಬೆರೆಸಿದರೆ ಲೋಟ ತುಂಬುತ್ತದೆ, ಗ್ರಾಂ ಕಡಿಮೆಯಾಗುವುದಿಲ್ಲ.

ಒಂದೇ ಕೂತಿನಲ್ಲಿ 60 ಗ್ರಾಂ ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತ ಎನ್ನುತ್ತದೆ. ಅಂದರೆ ಸರಿಯಾಗಿ ನಮ್ಮ ಒಂದು ಕ್ವಾರ್ಟರ್. ದೇಹ ಇದನ್ನು ಕರಗಿಸುವುದು ಗಂಟೆಗೆ ಹೆಚ್ಚೂಕಡಿಮೆ ಒಂದು ಅಳತೆಯಂತೆ. ಮೊಸರು, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ 375ರ ಹಾಫ್ ಮುಗಿಸಿದವನು ಬೆಳಿಗ್ಗೆ ಎಂಟಕ್ಕೆ ಬೈಕ್ ಹತ್ತುವಾಗ ಅವನ ರಕ್ತದಲ್ಲಿ ಎಣ್ಣೆ ಇನ್ನೂ ಇರುತ್ತದೆ.

ಅಳತೆ ಅಪಾಯವನ್ನಷ್ಟೇ ಹೇಳುತ್ತದೆ. ಕಾಯಿಲೆ ಹತ್ತಿದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ಬೆಳಿಗ್ಗೆ ಏನು ನೋಡಬೇಕು

ಡೈರಿಗೆ ಹಾಲು ಹಾಕುವ ಹೊತ್ತಿಗೆ ಮನುಷ್ಯನ ಕೈ ನೋಡಿ. ಕ್ಯಾನಿನಿಂದ ಸುರಿಯುವಾಗ ಹಾಲು ಅತ್ತಿತ್ತ ಚೆಲ್ಲುತ್ತದೆಯೇ? ಹೋಟೆಲಿನಲ್ಲಿ ತುಂಬಿದ ಟೀ ಲೋಟ ಎತ್ತದೆ, ಅದನ್ನು ಮೇಜಿನ ಮೇಲೇ ಬಿಟ್ಟು, ಬಾಯನ್ನೇ ಲೋಟದ ಹತ್ತಿರ ತಂದು ಮೊದಲ ಗುಟುಕು ಹೀರುತ್ತಾನೆಯೇ? ಕೆಲವರು 'ಅರ್ಧ ಲೋಟ ಕೊಡು' ಎಂದು ಕೇಳುವುದು ಆಸೆ ಕಡಿಮೆಯಾಗಿ ಅಲ್ಲ, ಚೆಲ್ಲೀತು ಎಂದು. ಅನುಮಾನವಿದ್ದರೆ ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆ ಇಡಿ. ಕಣ್ಣಿಗೆ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಕಾಣುತ್ತದೆ.

ನಡುಕದ ಜೊತೆಗೆ ಬರುವವು: ಅಂಗೈ, ಹಣೆ ಬೆವರುವುದು, ಹಲ್ಲುಜ್ಜುವಾಗ ಓಕರಿಕೆ, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದ ಸಿಡುಕು, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯುತ್ತದೆ. ಕೊನೆಯ ಪೆಗ್ ಆಗಿ ಆರರಿಂದ ಹನ್ನೆರಡು ಗಂಟೆಯೊಳಗೆ ಇವು ಶುರುವಾಗುತ್ತವೆ, ಅದಕ್ಕೇ ಬೆಳಿಗ್ಗೆ ಕಾಣುವುದು. ಗಟ್ಟಿ ಗುರುತು ಮುಂದಿನದು: ಒಂದು ಪ್ಯಾಕೆಟ್ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಎಲ್ಲವೂ ಮಾಯ. ಕೈ ನಿಲ್ಲುತ್ತದೆ, ಮುಖ ಅರಳುತ್ತದೆ, ಮಾತು ಸರಿಹೋಗುತ್ತದೆ. ಕುಡಿದ ಮೇಲೆ ಸರಿಹೋಗುವ ಮನುಷ್ಯನಿಗೆ ಎಣ್ಣೆ ಈಗ ಮೋಜಲ್ಲ, ಔಷಧಿಯ ಜಾಗಕ್ಕೆ ಬಂದು ಕೂತಿದೆ. ವೈನ್ಸ್ ಬಾಗಿಲು ತೆರೆಯುವ ಮೊದಲೇ ಊರ ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲುವವರು, ಪಂಪ್‌ಸೆಟ್ ಮನೆಯಲ್ಲೋ ಹುಲ್ಲಿನ ಬಣವೆಯಲ್ಲೋ 'ಬೆಳಿಗ್ಗೆಗೆ' ಎಂದು ಒಂದು ಎತ್ತಿಟ್ಟವರು ಈ ಹಂತ ಮುಟ್ಟಿದವರು.

ಹಾಗಂತ ಎಲ್ಲ ನಡುಕವೂ ಎಣ್ಣೆಯದಲ್ಲ. ಥೈರಾಯ್ಡ್, ಸಕ್ಕರೆ ಇಳಿಯುವುದು, ಕೆಲವು ಮಾತ್ರೆಗಳಿಂದಲೂ ಕೈ ನಡುಗುತ್ತದೆ. ಕುಡಿದಾಗ ನಿಲ್ಲುತ್ತದೆ ಎಂಬುದನ್ನೂ ಸೇರಿಸಿ ನೋಡಿ, ತೀರ್ಮಾನ ಡಾಕ್ಟರಿಗೆ ಬಿಡಿ.

ಇನ್ನು ಉಳಿದ ಗುರುತುಗಳು

ವೈದ್ಯರು ಹಿಂದಿನ ಒಂದು ವರ್ಷದಲ್ಲಿ ಆರು ಸಂಗತಿ ಹುಡುಕುತ್ತಾರೆ. ಮೂರು ಒಟ್ಟಿಗೆ ಸಿಕ್ಕರೆ ಅವಲಂಬನೆ ಎಂದು ಬರೆಯುತ್ತಾರೆ. ಒಂದನ್ನು, ಬಿಟ್ಟಾಗ ದೇಹ ಪಡುವ ಪಾಡನ್ನು, ಮೇಲೆ ಹೇಳಿಯಾಯಿತು. ಎರಡನೆಯದನ್ನು ನಮ್ಮವರು ಹೊಗಳಿಕೆಯಾಗಿ ಹೇಳುತ್ತಾರೆ: 'ಕ್ವಾರ್ಟರ್ ಹಾಕಿದ್ರೂ ಅಲ್ಲಾಡಲ್ಲ ನಮ್ಮಣ್ಣ'. ಮೊದಲು ನೈಂಟಿಗೆ ಏರುತ್ತಿದ್ದದ್ದು ಈಗ ಕ್ವಾರ್ಟರ್‌ಗೂ ಏರುವುದಿಲ್ಲ ಎಂದರೆ ಅವನ ಮಿದುಳು ಅಷ್ಟಕ್ಕೆ ಒಗ್ಗಿಹೋಗಿದೆ, ಅದರಲ್ಲಿ ಗಟ್ಟಿತನವೇನೂ ಇಲ್ಲ. ವರ್ಷಗಳ ನಂತರ ಇದೇ ಮನುಷ್ಯ ಒಂದು ನೈಂಟಿಗೇ ತೂರಾಡತೊಡಗಿದರೆ ಖುಷಿಪಡಬೇಡಿ. ಲಿವರ್ ಕೈಕೊಟ್ಟಿರಬಹುದು.

ಮೂರನೆಯದು ಹಿಡಿತ ತಪ್ಪುವುದು. 'ಒಂದೇ' ಎಂದು ಕೂತವನು ನಾಲ್ಕಕ್ಕೆ ಏಳುತ್ತಾನೆ, ಪ್ರತಿ ಸಲವೂ. ಉಳಿದ ಮೂರು: ಹೊತ್ತು ಮುಳುಗುವ ಮೊದಲೇ ಮನಸ್ಸೆಲ್ಲ ಅದರ ಕಡೆಗೇ ಎಳೆಯುವುದು, ಮಗಳ ಶಾಲೆಯ ಕಾರ್ಯಕ್ರಮ, ಸೊಸೈಟಿ ಮೀಟಿಂಗ್, ನೆಂಟರ ಮದುವೆ ಒಂದೊಂದಾಗಿ ಬಿಟ್ಟುಹೋಗುವುದು, ಡಾಕ್ಟರ್ ಲಿವರ್ ಹೋಗುತ್ತಿದೆ ಎಂದ ಮೇಲೂ ಮುಂದುವರಿಯುವುದು.

ಇಲ್ಲಿ ಒಂದು ವಾದ ಎದುರಾಗುತ್ತದೆ, ಪ್ರತಿ ಮನೆಯಲ್ಲೂ ಒಂದೇ: 'ಅಯ್ಯಪ್ಪನ ಮಾಲೆ ಹಾಕಿದಾಗ ಒಂದು ತೊಟ್ಟೂ ಮುಟ್ಟಲಿಲ್ಲ, ಶ್ರಾವಣದಲ್ಲಿ ಪೂರ್ತಿ ಬಿಟ್ಟಿದ್ದೆ. ನನಗೆಂಥ ಚಟ?' ಕೇಳಲು ಗಟ್ಟಿಯಾಗಿದೆ, ಆದರೆ ಇದು ಏನನ್ನೂ ಸಾಬೀತು ಮಾಡುವುದಿಲ್ಲ. ಅವಲಂಬನೆ ಇರುವವರೂ ದೇವರ ಭಯ, ಊರವರ ಕಣ್ಣು, ಕಪ್ಪು ಬಟ್ಟೆಯ ಬಲದಲ್ಲಿ ಒಂದು ಮಂಡಲ ಬಿಡಬಲ್ಲರು. ನೋಡಬೇಕಾದ್ದು ಎರಡು. ಮಾಲೆ ಹಾಕಿದ ಮೊದಲ ಮೂರು ನಾಲ್ಕು ದಿನ ದೇಹ ಹೇಗಿತ್ತು? ಮಾಲೆ ತೆಗೆದ ಮೇಲೆ ಹಳೆಯ ಅಳತೆಗೆ ಮರಳಲು ಎಷ್ಟು ದಿನ ಹಿಡಿಯಿತು? ಇರುಮುಡಿ ಇಳಿಸಿ ಬಂದ ವಾರದಲ್ಲೇ ಕ್ವಾರ್ಟರ್‌ಗೆ ಮರಳಿದ್ದರೆ ಉತ್ತರ ಸಿಕ್ಕಂತೆ. ಪೂರ್ತಿ ಬಿಡುವುದಕ್ಕಿಂತ ಒಂದಕ್ಕೆ ನಿಲ್ಲಿಸುವುದೇ ಇವರಿಗೆ ಕಷ್ಟ.

'ರಿಪೋರ್ಟ್ ನಾರ್ಮಲ್ ಇದೆ' ಎಂಬುದು ಇನ್ನೊಂದು ಗುರಾಣಿ. ಲಿವರ್ ಪರೀಕ್ಷೆ ಲಿವರ್ ಬಗ್ಗೆ ಹೇಳುತ್ತದೆ, ಚಟದ ಬಗ್ಗೆ ಅಲ್ಲ. ಲಿವರ್ ಪರೀಕ್ಷೆಯ ಜಿಜಿಟಿ ಏರಿದ್ದು, ಅದರಲ್ಲೇ ಎಎಸ್‌ಟಿ ಎಎಲ್‌ಟಿಯ ಎರಡರಷ್ಟಿದ್ದು, ರಕ್ತದ ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಹೆಚ್ಚಿದ್ದು ಎಣ್ಣೆಯ ಕಡೆ ಬೆರಳು ತೋರಿಸುತ್ತವೆ. ಅವು ಸರಿಯಿದ್ದ ಮಾತ್ರಕ್ಕೆ ಮನುಷ್ಯ ಸರಿಯಿದ್ದಾನೆ ಎನ್ನಲಾಗದು.

ಹೆಂಗಸರಲ್ಲಿ ಇದು ಇನ್ನೂ ತಡವಾಗಿ ಹೊರಬರುತ್ತದೆ, ಮನೆಯವರು ಮುಚ್ಚಿಡುವುದರಿಂದ. ಅದೇ ಅಳತೆ ಅವರ ದೇಹಕ್ಕೆ ಹೆಚ್ಚು ಬೇಗ ಪೆಟ್ಟು ಕೊಡುತ್ತದೆ.

ಹದಿನಾಲ್ಕು ದಿನದ ಲೆಕ್ಕ

ಅಂದಾಜಿನ ಮೇಲೆ ಜಗಳವಾಗುತ್ತದೆ, ಬರೆದದ್ದರ ಮೇಲೆ ಮಾತಾಗುತ್ತದೆ. ಎರಡು ವಾರದ ಲೆಕ್ಕ ಹಿಡಿಯಿರಿ. ಗೋಡೆಯ ಕ್ಯಾಲೆಂಡರಿನಲ್ಲೇ ಬರೆದರೆ ಸಾಕು: ದಿನದ ಮೊದಲ ಪೆಗ್ ಎಷ್ಟು ಗಂಟೆಗೆ, ಒಟ್ಟು ಎಷ್ಟು ಎಂಎಲ್, 'ಇಷ್ಟೇ' ಎಂದದ್ದೆಷ್ಟು, ಬೆಳಿಗ್ಗೆ ಕೈ ಹೇಗಿತ್ತು, ತಿಂಡಿ ತಿಂದನೋ ಇಲ್ಲವೋ. ಕುಡಿಯುವವನೇ ಬರೆದುಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಎರಡನೇ ವಾರಕ್ಕೆ ಮೊದಲ ಪೆಗ್ಗಿನ ಗಂಟೆ ನೋಡಿ. ಸಂಜೆ ಏಳರಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ಬೆಳಿಗ್ಗೆಗೆ ಸರಿಯುತ್ತಿದ್ದರೆ ಅದು ಎಂಎಲ್‌ಗಿಂತ ದೊಡ್ಡ ಸುದ್ದಿ.

ಕೇಳಲು ನಾಲ್ಕು ಪ್ರಶ್ನೆ ಸಾಕು. ಕಡಿಮೆ ಮಾಡಬೇಕು ಅಂತ ನಿನಗೇ ಅನ್ನಿಸಿದೆಯಾ? ಯಾರಾದರೂ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತಾ? ಕುಡಿದದ್ದಕ್ಕೆ ತಪ್ಪು ಮಾಡಿದೆ ಅನ್ನಿಸಿದೆಯಾ? ಬೆಳಿಗ್ಗೆ ಎದ್ದ ಕೂಡಲೇ ಕೈ ಕಾಲು ಸರಿಯಾಗಲಿ ಅಂತ ಕುಡಿದದ್ದುಂಟಾ? ಎರಡಕ್ಕೆ ಹೌದು ಅಂದರೆ ಡಾಕ್ಟರ್ ನೋಡಬೇಕು. ನಾಲ್ಕನೆಯದಕ್ಕೆ ಮಾತ್ರ ಹೌದು ಅಂದರೂ ಕಾಯಬೇಡಿ.

ಕೇಳುವ ಹೊತ್ತು ಮುಖ್ಯ. ಕುಡಿದಾಗ ಕೇಳಿದರೆ ಜಗಳ, ನಡುಕ ಹತ್ತಿದಾಗ ಕೇಳಿದರೆ ಸಿಡುಕು. ತಿಂಡಿ ಆದ ಮೇಲೆ, ಮಕ್ಕಳಿಲ್ಲದಾಗ, ಕಂಡದ್ದನ್ನಷ್ಟೇ ಹೇಳಿ: 'ಅಣ್ಣಾ, ಬೆಳಿಗ್ಗೆ ಡೈರಿ ಹತ್ರ ನಿನ್ನ ಕೈ ನಡುಗ್ತಿದ್ದಿದ್ದು ನೋಡ್ದೆ. ಬೈಯೋಕೆ ಬಂದಿಲ್ಲ. ಒಂದ್ಸಲ ತೋರಿಸ್ಕೊಂಡು ಬರೋಣ ಬಾ.' ಕುಡುಕ ಎಂಬ ಪದ ಬಾಯಿಗೆ ಬರಬಾರದು. ಆಣೆ ಪ್ರಮಾಣವೂ ಬೇಡ, ಮುರಿದ ಆಣೆಯ ನಾಚಿಕೆಗೇ ಇನ್ನೊಂದು ಪ್ಯಾಕೆಟ್ ಒಡೆಯುತ್ತದೆ.

ಏಕಾಏಕಿ ಬಿಡಿಸಬೇಡಿ

ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲೇ. ಗುರುತು ಸಿಕ್ಕಿತು ಎಂದು ರೂಮಿನಲ್ಲಿ ಕೂಡಿಹಾಕುತ್ತಾರೆ, ದುಡ್ಡು ಕಿತ್ತುಕೊಳ್ಳುತ್ತಾರೆ. ಬೆಳಿಗ್ಗೆ ನಡುಕ ಬರುವವನಿಗೆ ಪೂರ್ತಿ ನಿಂತರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮಣೆ: ಗೋಡೆ ಮೇಲೆ ಹಾವು, ಮೈಮೇಲೆ ಇರುವೆ, ಹೊದಿಕೆಯಿಂದ ಏನನ್ನೋ ಹೆಕ್ಕುವುದು, ಹೆಂಡತಿಯ ಗುರುತೇ ಸಿಗದಿರುವುದು, ಮೈ ಸುಡುವ ಜ್ವರ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೋದ ಒಂದು ರಾತ್ರಿಯಲ್ಲಿ ಜೀವ ಹೋಗಬಹುದು. ಡಾಕ್ಟರ್ ನೋಡುವವರೆಗೆ ದಿಢೀರ್ ನಿಲ್ಲಿಸುವುದು ಬೇಡ. ಮಾಲೆ ಹಾಕುವವರಿಗೂ, ಧರ್ಮಸ್ಥಳದ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಸೇರುವವರಿಗೂ ಇದೇ ಮಾತು. ಹಿಂದೆ ಫಿಟ್ಸ್ ಬಂದಿದ್ದರೆ ಮೊದಲು ಆಸ್ಪತ್ರೆ.

ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಬೀಗದ ಕೈ ಕೊಡುವುದರಿಂದ ಏನೂ ಆಗದು. 108ಕ್ಕೆ ಕರೆ ಮಾಡಿ.

ಕಾಲು ಮುರಿದೋ ಜಾಂಡೀಸ್ ಎಂದೋ ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗ ಮನೆಯವರು ಮರ್ಯಾದೆಗೆ ಕುಡಿತದ ವಿಷಯ ಮುಚ್ಚಿಡುತ್ತಾರೆ. ಮೂರನೇ ದಿನ ವಾರ್ಡಿನಲ್ಲಿ ಮನುಷ್ಯ ಎದ್ದು ಓಡಿದಾಗ ಯಾರಿಗೂ ಕಾರಣ ಗೊತ್ತಿರುವುದಿಲ್ಲ. ದಾಖಲಾಗುವಾಗಲೇ ಹೇಳಿಬಿಡಿ. ಸುಸ್ತಿಗೆ ಗ್ಲೂಕೋಸ್ ಹಾಕಿಸುವ ಮುಂಚೆಯೂ ಹೇಳಿ. ಕುಡಿಯುವವರ ಮೈಯಲ್ಲಿ ವಿಟಮಿನ್ ಬಿ1, ಅಂದರೆ ಥಯಮಿನ್, ಹೆಚ್ಚಾಗಿ ಕಡಿಮೆಯಾಗಿರುತ್ತದೆ. ಥಯಮಿನ್ ಇಂಜೆಕ್ಷನ್ ಇಲ್ಲದೆ ಬರೀ ಗ್ಲೂಕೋಸ್ ಹೋದರೆ ಕಣ್ಣುಗುಡ್ಡೆ ಓಲಾಡುವುದು, ನಡಿಗೆ ತಪ್ಪುವುದು, ಮರೆವು, ಹೀಗೆ ಮಿದುಳಿಗೆ ಪೆಟ್ಟು ಬೀಳಬಹುದು.

'ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ' ಎಂದು ಮಾರುವ ಪುಡಿ ಮುಟ್ಟಬೇಡಿ. ಕುಡಿತ ಬಿಡಿಸಲು ಡಾಕ್ಟರ್ ಬರೆಯುವ ಡೈಸಲ್ಫಿರಾಂ ಮಾತ್ರೆಯಂತೂ ಅವನಿಗೆ ತಿಳಿಯದೆ ಕೊಡಲೇಬಾರದು. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಸಾವೂ ಬರಬಹುದು. ಮೆಡಿಕಲ್ ಅಂಗಡಿಯಲ್ಲಿ ನಿದ್ರೆ ಮಾತ್ರೆ ಕೇಳಿ ತಂದು ನೀವೇ ಕೊಡುವುದೂ ಅಷ್ಟೇ ಕೆಟ್ಟದ್ದು.

ಎಲ್ಲಿಗೆ ಹೋಗುವುದು

ಮೊದಲ ಮಾತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹೆಂಡತಿ ಮಕ್ಕಳೂ ಕರೆ ಮಾಡಬಹುದು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ತುಮಕೂರು ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕೇಳಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ನಿಮ್ಮ ತಾಲೂಕಿಗೆ ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ ಹೊರಡಿ. ಕಠಿಣವಾದ್ದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ನೋಡುತ್ತದೆ. ಕಟ್ಟಿಹಾಕಿ, ಸರಪಳಿ ಬಿಗಿದು ಬಿಡಿಸುತ್ತೇವೆ ಎನ್ನುವ ಕೇಂದ್ರಗಳ ಕಡೆ ತಲೆ ಹಾಕಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಹೋಗುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಮತ್ತು ಆ ಹದಿನಾಲ್ಕು ದಿನದ ಕ್ಯಾಲೆಂಡರ್ ಹಾಳೆ ಜೊತೆಗಿರಲಿ. ದಾರಿಯಲ್ಲಿ ಒಂದು ಪ್ಯಾಕೆಟ್ ಹಾಕಿಕೊಂಡೇ ಬಂದ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ ಕರೆದುಕೊಂಡು ಹೋಗಬೇಡಿ. ಡಾಕ್ಟರ್ ಮೊದಲು ಕೇಳುವುದೇ ಕೊನೆಯ ಪೆಗ್ ಎಷ್ಟು ಗಂಟೆಗೆ ಎಂದು, ಔಷಧಿಯ ಡೋಸ್ ಅದರ ಮೇಲೆ ನಿಲ್ಲುತ್ತದೆ. ನಿಜವಾದ ಗಂಟೆ ಹೇಳಿ.