ಹೊಸಬರಿಗೆ ಮಾರ್ಗದರ್ಶಿ: ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟ ನಮ್ಮ ಕಡೆಯವರಿಗೆ

ಇದನ್ನು ಬಾಗಲಕೋಟೆಯ ನವನಗರದಲ್ಲಿ, ಅವ್ವನ ಮನೆಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ರಜೆಗೆ ಬಂದು ಹದಿನೈದು ದಿನ ಆಯಿತು. ಅಷ್ಟರಲ್ಲಿ ಮೂರು ಮನೆಯವರು ಬಂದು ಹೋದರು. ಒಬ್ಬರು ಮುಧೋಳದವರು, ಒಬ್ಬರು ವಿಜಯಪುರದವರು, ಇನ್ನೊಬ್ಬರು ಇಲ್ಲೇ ಎರಡು ಸೆಕ್ಟರ್ ಆಚೆಯವರು. ಎಲ್ಲರೂ ಇಂಗ್ಲೆಂಡಿಗೆ ಹೊರಟವರು, ಎಲ್ಲರ ಮಕ್ಕಳೂ ಐದು ವರ್ಷದೊಳಗಿನವು. ವೀಸಾ, ಬಾಡಿಗೆ, ಬ್ಯಾಗಿನ ತೂಕ ಇವೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಧೋಳದ ಹುಡುಗಿ ಮಾತ್ರ ಚಹಾ ಕುಡಿದು ಎದ್ದವಳು ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕಾ, ನಡುರಾತ್ರಿ ಕೂಸಿಗೆ ಜ್ವರ ಬಂದ್ರ ನಾ ಒಬ್ಬಾಕೀನ ಏನ್ ಮಾಡ್ಲಿ? ಇವರದು ನೈಟ್ ಶಿಫ್ಟ್ ಇರ್ತದ."

ನಮ್ಮ ಕನ್ನಡ ಕೂಟದ ಮಾರ್ಗದರ್ಶಿಯಲ್ಲಿ ಬ್ಯಾಂಕು, ಮನೆ, ಕೆಲಸದ ಬಗ್ಗೆ ಬೇರೆ ಪುಟಗಳಿವೆ. ಈ ಪುಟ ಅವಳ ಪ್ರಶ್ನೆಗೆ.

ಜ್ವರದ ರಾತ್ರಿ

ನನ್ನ ಮೊದಲ ಚಳಿಗಾಲ. ಮಗನಿಗೆ ಎರಡು ವರ್ಷ. ರಾತ್ರಿ ಒಂದೂವರೆಗೆ ಅವನ ಮೈ ಹಂಚಿನಂತೆ ಕಾದಿತ್ತು. ಇಲ್ಲಾಗಿದ್ದರೆ ಅವ್ವ ಎದ್ದು ಬರುತ್ತಿದ್ದಳು, ತಮ್ಮ ಬೈಕ್ ತೆಗೆಯುತ್ತಿದ್ದ. ಅಲ್ಲಿ 111ಕ್ಕೆ, ಅಂದರೆ ಸರ್ಕಾರಿ ಆರೋಗ್ಯ ಸಲಹೆಯ ನಂಬರಿಗೆ, ಫೋನ್ ಮಾಡಬೇಕು ಅಂತ ಗೊತ್ತಿತ್ತು. ಆದರೂ ಇಪ್ಪತ್ತು ನಿಮಿಷ ಫೋನ್ ಹಿಡಿದು ಸುಮ್ನೆ ಕೂತಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ ಜ್ವರದ್ದಲ್ಲ, ಇಂಗ್ಲಿಷಿನದು. ಕಡೆಗೆ ಮಾಡಿದೆ. ಟೆಂಪರೇಚರ್ ಎಷ್ಟು ಅಂತ ಕೇಳಿದರು. ಊರಿಂದ ತಂದ ಥರ್ಮಾಮೀಟರ್ ನೋಡಿ "ನೂರಾ ಎರಡು" ಅಂದೆ. ಆ ಕಡೆ ಸದ್ದೇ ಇಲ್ಲ. ಅವರ ಲೆಕ್ಕದಲ್ಲಿ ನೂರು ಅಂದರೆ ನೀರು ಕುದಿಯುವ ಬಿಸಿ! "ಓ, ಫ್ಯಾರನ್‌ಹೀಟ್" ಅಂತ ಆಕೆ ನಕ್ಕಳು. ನಾನೂ ನಕ್ಕೆ. ಆಮೇಲೆ ಇಂಗ್ಲಿಷ್ ಹೇಗೋ ಬಂತು.

ಅಲ್ಲಿಗೆ ಹೋದ ಮೊದಲ ವಾರವೇ ಒಂದು ಸೆಲ್ಸಿಯಸ್ ಥರ್ಮಾಮೀಟರ್ ತೆಗೆದುಕೊಳ್ಳಿ. ನಮ್ಮ 100.4 ಅವರ 38. ಮೂರು ತಿಂಗಳೊಳಗಿನ ಕೂಸಿಗೆ 38 ಮುಟ್ಟಿದರೆ, ಮೂರರಿಂದ ಆರು ತಿಂಗಳ ಕೂಸಿಗೆ 39 ಮುಟ್ಟಿದರೆ ತಡ ಮಾಡದೆ ಫೋನ್ ಮಾಡಿ. ಹಗಲಾದರೆ ನಿಮ್ಮ ಜಿಪಿ, ಅಂದರೆ ನೀವು ಹೆಸರು ಹಚ್ಚಿದ ಡಾಕ್ಟರ್. ರಾತ್ರಿಯಾದರೆ 111. ಮೈ ಮೇಲೆ ದದ್ದು ಎದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಬಣ್ಣ ಮಾಸದಿದ್ದರೆ 999, ಅದು ಆಂಬ್ಯುಲೆನ್ಸ್ ಕರೆಯುವ ನಂಬರ್. ಉಸಿರಾಟಕ್ಕೆ ಕಷ್ಟ ಪಡುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಆಗಲೂ 999, ಯೋಚನೆಯೇ ಬೇಡ. ಊರಿನ ಸಿರಪ್ಪಿನ ಅಳತೆಯನ್ನು ಅಲ್ಲಿನ ಬಾಟಲಿಗೆ ಹಾಕಬೇಡಿ, ಔಷಧದ ಗಟ್ಟಿತನ ಬೇರೆ ಇರಬಹುದು. ಬಾಟಲಿ ಮೇಲೆ ಬರೆದದ್ದನ್ನೇ ಓದಿ.

ಫೋನಿನಲ್ಲಿ ಏನೇನು ಕೇಳುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ. ಕೂಸು ಕುಡಿಯುತ್ತಿದೆಯಾ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು, ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟಿರಿ. ಮಗುವಿನ ಹೆಸರು, ಹುಟ್ಟಿದ ತಾರೀಕು, ತೂಕ, ಪೋಸ್ಟ್‌ಕೋಡ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಕೆಳಗೆ ಒಂದು ಸಾಲು: "ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?" ಇದನ್ನು ಹೇಳಲು ನಾಚಿಕೆ ಬೇಡ. ಅವರು ಉಪಕಾರ ಮಾಡುತ್ತಿಲ್ಲ, ವೀಸಾ ಜೊತೆಗೆ ಆಸ್ಪತ್ರೆ ದುಡ್ಡು ಕಟ್ಟಿಸಿಕೊಂಡಿದ್ದಾರೆ ಅಲ್ವಾ? ದುಭಾಷಿ ಬೇಕು ಅಂತಲೂ ಕೇಳಬಹುದು, ಅದಕ್ಕೆ ದುಡ್ಡಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: "ಒಂದು ಇಂಜೆಕ್ಷನ್ ಮಾಡಿಬಿಡ್ರಿ" ಅಲ್ಲಿ ನಡೆಯುವುದಿಲ್ಲ. ನೆಗಡಿ ಜ್ವರಕ್ಕೆ ಆಂಟಿಬಯೋಟಿಕ್ಕೂ ಕೊಡುವುದಿಲ್ಲ. ನೀರು ಕುಡಿಸಿ, ಮಲಗಿಸಿ ಅಂತಾರೆ. ಮೊದಮೊದಲು ಸಿಟ್ಟು ಬರುತ್ತದೆ.

ಹೊರಡುವ ಮೊದಲು ತಾಯಿ ಕಾರ್ಡ್ ಮತ್ತು ಲಸಿಕೆ ದಾಖಲೆಯ ಎರಡು ಕಾಪಿ ತೆಗೆಸಿ, ಒಂದು ಕೈಬ್ಯಾಗಿನಲ್ಲಿ ಇಡಿ. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಮಂಗನಬಾವಿನದು ಇಲ್ಲ, ಅವರದರಲ್ಲಿ ಇದೆ. ಏನು ಬಾಕಿ ಅಂತ ಜಿಪಿಯ ನರ್ಸ್ ನೋಡಿ ಹೇಳುತ್ತಾರೆ.

ಚೀಟಿ

ಹಳೆ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಮುಳುಗಡೆ ಅಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನವನಗರಕ್ಕೆ ಬಂದಾಗ ನಾನು ಸಣ್ಣವಳು. ಹಳೆ ಊರಲ್ಲಿ ಅಗಸಿ, ಗುಡಿ, ಬಾವಿ ನೋಡಿ ಮನೆ ಹುಡುಕುತ್ತಿದ್ದೆವು. ಇಲ್ಲಿ ಎಲ್ಲ ರಸ್ತೆಯೂ ಒಂದೇ ಥರ, ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಅವ್ವ ಎರಡನ್ನೂ ಚೀಟಿಯಲ್ಲಿ ಬರೆಸಿ ನನ್ನ ಫ್ರಾಕಿನ ಒಳಗೆ ಪಿನ್ ಹಚ್ಚಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಸಂತೆಗೆ ಹೋದರೆ ವಾಪಸ್ ಬರುವಾಗ ನನ್ನ ಫ್ರಾಕು ಮಡಚಿ ಚೀಟಿ ತೋರಿಸಿ ದಾರಿ ಕೇಳುತ್ತಿದ್ದಳು. ನನಗೆ ಸತ್ತು ಹೋಗುವಷ್ಟು ನಾಚಿಕೆ.

ಈಗ ನನ್ನ ಮಗಳ ಶಾಲೆ ಚೀಲದ ಒಳಗೆ ಪೋಸ್ಟ್‌ಕೋಡ್ ಬರೆದಿದ್ದೇನೆ. ಅಲ್ಲಿ "ಬಸ್ ಸ್ಟ್ಯಾಂಡ್ ಹಿಂದೆ, ಗುಡಿ ಮಗ್ಗಲಿಗೆ" ನಡೆಯುವುದಿಲ್ಲ. ಪೋಸ್ಟ್‌ಕೋಡ್ ಮತ್ತು ಮನೆ ನಂಬರ್ ಇದ್ದರೆ ಆಂಬ್ಯುಲೆನ್ಸ್ ಬಾಗಿಲಿಗೆ ಬರುತ್ತದೆ. ನಾಲ್ಕು ವರ್ಷದ ಮಗು ಹಾಡಿನಂತೆ ಕಲಿಯುತ್ತದೆ, ಕಲಿಸಿ.

ಮಗುವನ್ನು ಮನೆಯಲ್ಲಿ ಒಂದನ್ನೇ ಬಿಟ್ಟು ಅಂಗಡಿಗೆ ಓಡುವ ರೂಢಿ ಬಿಡಬೇಕು. ಇಂಥ ವಯಸ್ಸು ಅಂತ ಕಾನೂನಿನಲ್ಲಿ ಇಲ್ಲ. ಆದರೆ ಮಗುವಿಗೆ ಅಪಾಯ ಆಗುವ ಹಾಗೆ ಬಿಟ್ಟರೆ ಅಪರಾಧ. ಕೈ ಎತ್ತುವುದೂ ಹಾಗೆ. ಸ್ಕಾಟ್ಲೆಂಡಿನಲ್ಲಿ 2020ರಿಂದ, ವೇಲ್ಸಿನಲ್ಲಿ 2022ರಿಂದ ಮಕ್ಕಳಿಗೆ ಹೊಡೆಯುವುದು ಪೂರ್ತಿ ನಿಷೇಧ. ಇಂಗ್ಲೆಂಡಿನಲ್ಲಿ ಕಾನೂನು ಅಷ್ಟು ಬಿಗಿ ಇಲ್ಲ, ಹಾಗಂತ ಪರೀಕ್ಷೆ ಮಾಡಲು ಹೋಗಬೇಡಿ. ಕಾರಿನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕು. ತೊಡೆ ಮೇಲೆ ಕೂಡಿಸಿಕೊಳ್ಳುವ ಮಾತೇ ಇಲ್ಲ.

ಶೇಂಗಾ ಚಟ್ನಿ

ಮಗಳು ಶಾಲೆಗೆ ಹೋಗಲು ಶುರು ಮಾಡಿದ ಎರಡನೇ ವಾರ ಡಬ್ಬಿಗೆ ರೊಟ್ಟಿ, ಮೇಲೆ ಎಣ್ಣೆ ಹಾಕಿದ ಶೇಂಗಾ ಚಟ್ನಿ ಕಟ್ಟಿದೆ. ಹನ್ನೆರಡೂಕಾಲಿಗೆ ಶಾಲೆಯಿಂದ ಫೋನ್. ಮಗುವಿಗೆ ಏನೂ ಆಗಿಲ್ಲ ಅಂತ ಮೊದಲೇ ಹೇಳಿದರು, ಆದರೂ ನನ್ನ ಕೈ ನಡುಗುತ್ತಿತ್ತು. ಶಾಲೆಗೆ ಶೇಂಗಾ ತರುವ ಹಾಗಿಲ್ಲವಂತೆ. ಕೆಲವು ಮಕ್ಕಳಿಗೆ ಅದರ ಅಲರ್ಜಿ ಎಷ್ಟು ಜಾಸ್ತಿ ಅಂದರೆ ಜೀವಕ್ಕೇ ಬರುತ್ತದೆ. ಸಂಜೆ ಕರೆಯಲು ಹೋದಾಗ ಗೇಟಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣು ಅವರವರ ಮಕ್ಕಳ ಕೋಟಿನ ಮೇಲೆ. ಮರುದಿನ ನಾನೇ ಟೀಚರ್ ಹತ್ತಿರ ಹೋಗಿ "ಗೊತ್ತಿರಲಿಲ್ಲ, ಕ್ಷಮಿಸಿ, ಬೇರೆ ಏನು ಕಟ್ಟಬಾರದು ಅಂತ ಹೇಳಿ" ಅಂದೆ. ಪಟ್ಟಿ ಕೊಟ್ಟರು. ಎಷ್ಟೋ ಶಾಲೆಗಳಲ್ಲಿ ಎಳ್ಳಿಗೂ ಬೇಡ ಅಂತಾರೆ, ಹಾಗಾಗಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಕೇಳಿಯೇ ಕಟ್ಟಿ. ಅಂದ ಹಾಗೆ, ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ವರ್ಷ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಪುಕ್ಕಟೆ. ಸಸ್ಯಾಹಾರ ಅಂತ ಬರೆದು ಕೊಟ್ಟರೆ ಆಯಿತು.

ಶಾಲೆ ಸೇರಿಸುವುದು ಹೀಗೆ. ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿನಲ್ಲಿ ರಿಸೆಪ್ಷನ್, ಅಂದರೆ ಶಾಲೆಯ ಮೊದಲ ವರ್ಷ, ಶುರು. ಅರ್ಜಿಗೆ ಅದೇ ವರ್ಷದ ಜನವರಿ 15 ಕಡೆ ದಿನ. ನಡುವೆ ಬಂದವರು ಕೌನ್ಸಿಲ್‌ನಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದಲ್ಲಿ, ವಿಚಾರಿಸಬೇಕು. ಡೊನೇಶನ್ ಇಲ್ಲ, ವಶೀಲಿ ಇಲ್ಲ. ಮೂರು ತುಂಬಿದ ಮಗುವಿಗೆ ಮುಂದಿನ ಟರ್ಮಿನಿಂದ ವಾರಕ್ಕೆ 15 ತಾಸು ನರ್ಸರಿ ಪುಕ್ಕಟೆ, ವರ್ಷಕ್ಕೆ 38 ವಾರ. ಇದನ್ನು ಕೇಳದೆ ಬಿಟ್ಟವರು ನಮ್ಮ ಕೂಟದಲ್ಲೇ ಇದ್ದಾರೆ.

ಟರ್ಮ್ ನಡುವೆ ಬನಶಂಕರಿ ಜಾತ್ರೆಗೆ ಅಂತ ಎರಡು ವಾರ ಊರಿಗೆ ಬಂದರೆ ದಂಡ ಬೀಳಬಹುದು. ಒಂದು ಮಗುವಿಗೆ ತಂದೆಗೆ 80 ಪೌಂಡ್, ತಾಯಿಗೆ 80 ಪೌಂಡ್, 21 ದಿನದಲ್ಲಿ ಕಟ್ಟದಿದ್ದರೆ 160. ಮಗುವಿಗೆ ಐದು ತುಂಬುವ ಮುಂಚೆ ಈ ಕಾಟ ಇಲ್ಲ. ಜಾತ್ರೆ ನೋಡುವುದಿದ್ದರೆ ಆಗಲೇ ನೋಡಿಬಿಡಿ.

ಅಲಾರಂ

ಜೋಳದ ಹಿಟ್ಟು ಹೊತ್ತು ತರಬೇಡಿ, ಸಿಗುತ್ತದೆ. ಬೆಳಗಾವಿ ಕುಂದಾನೂ ತರಬೇಡಿ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ರೊಟ್ಟಿ ಬಡಿಯುವವರಿಗೆ ಒಂದು ಮಾತು: ಹಂಚು ಹೊಗೆಯಾಡಿದರೆ ಚಾವಣಿಯ ಅಲಾರಂ ಕೂಗುತ್ತದೆ. ನನ್ನ ಮೊದಲ ರೊಟ್ಟಿಗೇ ಕೂಗಿತು. ಮಗ ಮೇಜಿನ ಕೆಳಗೆ ಸೇರಿಕೊಂಡ, ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದರು. ಪಕ್ಕದ ಮನೆ ಅಜ್ಜಿ, ಮೂರು ತಿಂಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಬೈಯಲು ಬಂದಳು ಅಂದುಕೊಂಡೆ. ಆಕೆ ಸೀದಾ ಒಳಗೆ ಬಂದು ಕಿಟಕಿ ತೆರೆದು, ಅಡುಗೆಮನೆ ಬಾಗಿಲು ಹಾಕಿ, ಹಂಚಿನ ಮೇಲಿದ್ದದ್ದು ಏನು ಅಂತ ಕೇಳಿದಳು. ಬೆಣ್ಣೆ ಹಚ್ಚಿ ಒಂದು ಕೊಟ್ಟೆ. ಇವತ್ತಿಗೂ ನನ್ನ ಮನೆ ಕೀಲಿಕೈ ಒಂದು ಆಕೆಯ ಹತ್ತಿರ ಇರುತ್ತದೆ. ಅಲಾರಂನ ಬ್ಯಾಟರಿ ಮಾತ್ರ ತೆಗೆಯಬೇಡಿ, ಕೆಲವರು ತೆಗೆದಿಡುತ್ತಾರೆ.

ಐದರೊಳಗಿನ ಮಗು ಇದ್ದರೆ ಹೆಲ್ತ್ ವಿಸಿಟರ್, ಅಂದರೆ ಸಣ್ಣ ಮಕ್ಕಳ ಮನೆಯವರನ್ನು ನೋಡಿಕೊಳ್ಳುವ ನರ್ಸ್, ಮನೆಗೆ ಬರಬಹುದು. ನಾನು ತಪಾಸಣೆ ಅಂತ ತಿಳಿದು ಹಿಂದಿನ ರಾತ್ರಿ ನೆಲ ಒರೆಸಿದ್ದೆ. ಆಕೆ ನೆಲ ನೋಡಲೇ ಇಲ್ಲ, ನನಗೆ ನಿದ್ದೆ ಬರುತ್ತಿದೆಯಾ ಅಂತ ಕೇಳಿದಳು. ಬರುತ್ತಿಲ್ಲ ಅಂದರೆ ಬರುತ್ತಿಲ್ಲ ಅಂತಲೇ ಹೇಳಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಎಂಥವರ ಮನಸ್ಸೂ ಕುಗ್ಗುತ್ತದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಾ 10 ಮೈಕ್ರೋಗ್ರಾಂ ವಿಟಮಿನ್ ಡಿ ಹಾಕಿ ಅಂತಾರೆ, ಹಾಕಿ. ಲೈಬ್ರರಿಯಲ್ಲಿ ಸಣ್ಣ ಮಕ್ಕಳಿಗೆ ಹಾಡು ಹೇಳಿಸುತ್ತಾರೆ, ದುಡ್ಡಿಲ್ಲ, ಒಳಗೆ ಬೆಚ್ಚಗಿರುತ್ತದೆ. ಅಷ್ಟಕ್ಕಾದರೂ ಹೋಗಿ.

ಒಂದು ದಿನ ಬಸ್ಸಿನಲ್ಲಿ ಮಗಳು ಮೆಲ್ಲಗೆ "ಅವ್ವಾ, ಇಲ್ಲಿ ಕನ್ನಡ ಬೇಡ" ಅಂದಳು. ನಾನು ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. ಮೊದಲಿನಂತೆಯೇ "ಮುಂದಿನ ಸ್ಟಾಪಿಗೆ ಇಳಿಯೋಣು, ಚೀಲ ಹಿಡಿ" ಅಂದೆ. ಮನೆಯಲ್ಲಿ ನಿಮ್ಮ ಮಾತೇ ಆಡಿ ಅಂತ ಅವಳ ಟೀಚರೇ ಹೇಳಿದ್ದರು. ನಮ್ಮ ಕೂಟದಲ್ಲಿ ಮೈಸೂರು ಕಡೆಯವರು ನಿಮ್ಮ "ಹೌದಲ್ರೀ" ಕೇಳಿ ನಗಬಹುದು. ನಗಲಿ ಬಿಡಿ, ಶೇಂಗಾ ಹೋಳಿಗೆ ಕೇಳಿಕೊಂಡು ಬರುವವರೂ ಅವರೇ.

ಬಂದು ಇಳಿದ ಮೇಲೆ ಕೂಟದ ಗುಂಪಿಗೆ ಒಂದು ಮೆಸೇಜ್ ಹಾಕಿ. ಜಿಪಿಯಲ್ಲಿ ಹೆಸರು ಹಚ್ಚಲು ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ. ಆದರೆ ಕೌಂಟರಿನಲ್ಲಿ ಮಾತಾಡುವವರು ನೀವೇ, ನಾವು ಹಿಂದೆ ಕುರ್ಚಿಯಲ್ಲಿ ನಿಮ್ಮ ಕೂಸನ್ನು ಎತ್ತಿಕೊಂಡು ಕೂತಿರುತ್ತೇವೆ. ಮುಧೋಳದ ಹುಡುಗಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ಅವ್ವ ಒಳಗಿನಿಂದ ಕೂಗಿ, "ರಾತ್ರಿ ಆದ್ರೂ ಮಾಡವಾ, ಅಕಿ ಎತ್ತದಿದ್ರ ನನಗ ಮಾಡು, ಇಲ್ಲಿ ಬೆಳಕಾಗಿರ್ತದ" ಅಂದಳು.