ಹುಳ ಕಚ್ಚಿದಾಗ ಬರೀ ಊತ ನೋಡಬೇಡಿ, ಕಚ್ಚಿಸಿಕೊಂಡವರನ್ನು ನೋಡಿ

ಮೊನ್ನೆ ನನ್ನ ಮೊಮ್ಮಗಳಿಗೆ ಆಟವಾಡುವಾಗ ಜೇನುನೊಣ ಕುಟುಕಿತು. ಅವಳು ಕಿರುಚಿದ್ದಕ್ಕೆ ಮನೆಯವರೆಲ್ಲ ಓಡಿ ಬಂದರು. ಒಬ್ಬರು ಟೂತ್‌ಪೇಸ್ಟ್ ತಂದರು, ಒಬ್ಬರು ಚಿಮುಟ ಹುಡುಕೋಕೆ ಒಳಗೆ ಹೋದರು, ಇನ್ನೊಬ್ಬರು ಫೋನಿನಲ್ಲಿ ಏನು ಮಾಡಬೇಕು ಅಂತ ಓದುತ್ತಾ ನಿಂತರು. ಅಷ್ಟು ಹೊತ್ತೂ ಮುಳ್ಳು ಮಗುವಿನ ಮುಂಗೈಯಲ್ಲೇ ಇತ್ತು. ಬಗ್ಗಿ ನೋಡಿದರೆ, ಮುಳ್ಳಿನ ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಪುಟ್ಟ ಚೀಲ ಇನ್ನೂ ಮಿಡಿಯುತ್ತಿತ್ತು. ನಾನು ಉಗುರಿನಿಂದ ಕೆರೆದು ತೆಗೆದೆ.

ಆ ಚೀಲವೇ ವಿಷದ ಚೀಲ. ಜೇನುನೊಣ ಹಾರಿ ಹೋದ ಮೇಲೂ ಅದು ತನ್ನಷ್ಟಕ್ಕೆ ವಿಷ ಒತ್ತುತ್ತಲೇ ಇರುತ್ತದೆ, ಬಹುಪಾಲು ವಿಷ ಮೊದಲ ಅರ್ಧ ನಿಮಿಷದಲ್ಲೇ ಒಳಗೆ ಹೋಗಿಬಿಡುತ್ತದೆ. ಹಾಗಾಗಿ ಚಿಮುಟ ಹಿಡಿಯಬೇಕಾ, ಕಾರ್ಡಿನಿಂದ ಕೆರೆಯಬೇಕಾ ಅಂತ ಯೋಚಿಸುತ್ತಾ ಕೂರಬೇಡಿ. ಕೈಗೆ ಏನು ಸಿಗುತ್ತೋ ಅದರಲ್ಲಿ ತಕ್ಷಣ ತೆಗೆಯಿರಿ. ಕಣಜ ಹಾಗಲ್ಲ, ಅದು ಮುಳ್ಳು ಬಿಟ್ಟು ಹೋಗುವುದಿಲ್ಲ, ಒಂದೇ ಕಣಜ ನಾಲ್ಕು ಸಲ ಬೇಕಾದರೂ ಕುಟುಕುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಮೊದಲು ಆ ಜಾಗ ಬಿಟ್ಟು ದೂರ ಬನ್ನಿ. ಜೇನು ಒಮ್ಮೆ ಕುಟುಕಿದರೆ ಅದರಿಂದ ಬರುವ ವಾಸನೆಗೆ ಉಳಿದ ಜೇನುಗಳೂ ಅಲ್ಲಿಗೇ ಬರುತ್ತವೆ.

ಆಮೇಲಿನ ಕೆಲಸ ಸುಲಭ. ಸೋಪು ಹಾಕಿ ತೊಳೆಯಿರಿ. ಕೈಗೆ ಕಚ್ಚಿದ್ದರೆ ಉಂಗುರ, ಬಳೆ, ವಾಚು ಎಲ್ಲವನ್ನೂ ಆಗಲೇ ಬಿಚ್ಚಿಬಿಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಬೆರಳು ಊದಿಕೊಂಡ ಮೇಲೆ ಉಂಗುರ ಬರುವುದಿಲ್ಲ, ರಕ್ತ ಓಡಾಡುವುದು ನಿಂತು ಕೊನೆಗೆ ಉಂಗುರವನ್ನೇ ಕತ್ತರಿಸಬೇಕಾಗುತ್ತದೆ. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಸ್ವಲ್ಪ ಬಿಟ್ಟು ಮತ್ತೆ ಇಡಿ. ನೇರವಾಗಿ ಚರ್ಮದ ಮೇಲೆ ಐಸ್ ಬೇಡ. ಕೈಯನ್ನೋ ಕಾಲನ್ನೋ ದಿಂಬಿನ ಮೇಲೆ ಎತ್ತರಕ್ಕೆ ಇಟ್ಟರೆ ಊತ ಕಡಿಮೆ ಆಗುತ್ತದೆ. ನವೆ ಜಾಸ್ತಿ ಇದ್ದರೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಒಡೆಯದ ಚರ್ಮಕ್ಕಾದರೆ 1% ಹೈಡ್ರೋಕಾರ್ಟಿಸೋನ್ ಮುಲಾಮು ಕೂಡ ಆಗುತ್ತದೆ. ದೊಡ್ಡವರು ಸೆಟಿರಿಜಿನ್ ಮಾತ್ರೆ ತೆಗೆದುಕೊಳ್ಳಬಹುದು, ಆದರೆ ಕೆಲವರಿಗೆ ಅದರಿಂದ ತೂಕಡಿಕೆ ಬರುತ್ತದೆ, ಗಾಡಿ ಓಡಿಸಬೇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ, ಬಸುರಿಯರಿಗೆ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಣ್ಣು, ಟೂತ್‌ಪೇಸ್ಟ್, ಸೀಮೆಎಣ್ಣೆ ಇವು ಯಾವುದೂ ಬೇಡ. ಕಚ್ಚಿದ ಜಾಗ ಅಂದರೆ ಅದೊಂದು ಚಿಕ್ಕ ಗಾಯ. ಗಾಯಕ್ಕೆ ಯಾರಾದರೂ ಮಣ್ಣು ಹಾಕುತ್ತಾರಾ? ಬ್ಲೇಡಿನಲ್ಲಿ ಕೊಯ್ಯುವುದು, ಬಾಯಿಂದ ಹೀರುವುದು ಇನ್ನೂ ಕೆಟ್ಟದ್ದು.

ಎರಡು ಹುಳಗಳಿಗೆ ಮಾತ್ರ ಬೇರೆ ಉಪಾಯ ಬೇಕು. ಕಂಬಳಿ ಹುಳ ಮೈಗೆ ತಾಗಿದರೆ ಉಜ್ಜಲೇಬೇಡಿ, ಉಜ್ಜಿದಷ್ಟೂ ಕೂದಲು ಒಳಗೆ ಹೋಗುತ್ತದೆ. ಅಂಟು ಟೇಪನ್ನು ಮೆತ್ತಗೆ ಅಂಟಿಸಿ ಎಳೆಯಿರಿ. ಕೂದಲು ಟೇಪಿಗೆ ಬರುತ್ತದೆ, ಪ್ರತಿ ಸಲ ಹೊಸ ತುಂಡು ತೆಗೆದುಕೊಂಡು ನಾಲ್ಕೈದು ಬಾರಿ ಮಾಡಿ, ಆಮೇಲೆ ತೊಳೆಯಿರಿ. ಇನ್ನೊಂದು, ರಾತ್ರಿ ದೀಪಕ್ಕೆ ಬರುವ ಕಪ್ಪು-ಕಿತ್ತಳೆ ಬಣ್ಣದ ಸಣಕಲು ಹುಳ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಕತ್ತಿನ ಮೇಲೆ ಹರಿದಾಡಿತು ಅಂತ ನಾವೇ ಹೊಸಕುತ್ತೇವೆ, ಆಗ ಅದರ ಮೈಯ ರಸ ತಾಗಿ ಒಂದೆರಡು ದಿನದಲ್ಲಿ ಸುಟ್ಟಂಥ ಗುಳ್ಳೆ ಏಳುತ್ತದೆ. ಊದಿ ಹಾರಿಸಿ, ಇಲ್ಲ ಕಾಗದದ ಮೇಲೆ ಹತ್ತಿಸಿಕೊಂಡು ಆಚೆ ಬಿಡಿ. ಮುಟ್ಟಿದ್ದರೆ ಕಣ್ಣುಜ್ಜುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ.

ಊತದ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಎಲ್ಲರೂ ಹೆದರುವುದು ಅದಕ್ಕೇ. ಜೇನು ಕುಟುಕಿದ ಮಾರನೇ ದಿನ ಊತ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಎರಡು ದಿನ ಏರಿ ಆಮೇಲೆ ಇಳಿಯುವುದು ಮಾಮೂಲು, ಕೆಲವರಿಗೆ ವಾರ ಹಿಡಿಯುತ್ತದೆ. ಬೆರಳಿಗೆ ಕಚ್ಚಿದರೆ ಇಡೀ ಅಂಗೈ ಊದಬಹುದು. ಅದು ವಿಷಕ್ಕೆ ಮೈ ತೋರಿಸುವ ಸಿಟ್ಟು, ಕೀವಾಗಿದೆ ಅಂತ ಅಲ್ಲ, ಅದಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ.

ಹಾಗಾದರೆ ಕೀವಾಗುತ್ತಿದೆ ಅಂತ ಗೊತ್ತಾಗುವುದು ಹೇಗೆ? ನಾನು ಪೆನ್ನು ತೆಗೆದುಕೊಳ್ಳುತ್ತೇನೆ. ಕೆಂಪಗಾದ ಜಾಗದ ಅಂಚಿಗೆ ಸರಿಯಾಗಿ ಗೆರೆ ಎಳೆದು, ಪಕ್ಕದಲ್ಲೇ ಚರ್ಮದ ಮೇಲೆ ದಿನ ಮತ್ತು ಗಂಟೆ ಬರೆಯುತ್ತೇನೆ. ಮೊಮ್ಮಗಳ ಕೈಯಲ್ಲೂ ಹಾಗೇ ಬರೆದೆ. ಮಾರನೇ ದಿನ ಕೆಂಪು ಬಣ್ಣ ಆ ಗೆರೆಯನ್ನು ಒಂದು ಬೆರಳಷ್ಟು ದಾಟಿತ್ತು, ಹೊಸ ಗೆರೆ ಎಳೆದೆ. ಮೂರನೇ ದಿನ ಅದು ಹಿಂದೆ ಸರಿದು ಚರ್ಮ ಸುಕ್ಕಾಗಿತ್ತು. ಹಾಗಾದರೆ ನಿಶ್ಚಿಂತೆ. ಅದೇ ಮೂರನೇ ದಿನವೂ ಗೆರೆ ದಾಟುತ್ತಲೇ ಇದೆ, ಮುಟ್ಟಿದರೆ ಬಿಸಿ, ನವೆ ಹೋಗಿ ನೋವು ಶುರುವಾಗಿದೆ, ಕೀವು ಕಾಣುತ್ತಿದೆ, ಜ್ವರ ಬಂದಿದೆ ಅಂದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಿ. ಕಚ್ಚಿದ ಜಾಗದಿಂದ ಮೇಲಕ್ಕೆ ಕೆಂಪು ಗೆರೆ ಹರಿದಂತೆ ಕಂಡರಂತೂ ಮೂರನೇ ದಿನಕ್ಕೆ ಕಾಯಲೇಬೇಡಿ. ಇದೆಲ್ಲ ಹೆಚ್ಚಾಗಿ ಶುರುವಾಗುವುದು ಕೆರೆದುಕೊಂಡಿದ್ದರಿಂದ. ಮಕ್ಕಳ ಉಗುರು ಗಿಡ್ಡ ಮಾಡಿಡಿ, ಕೆಂಪಿರುವೆ ಕಚ್ಚಿ ಎದ್ದ ಗುಳ್ಳೆಗಳನ್ನು ಒಡೆಯಬೇಡಿ.

ಊತದ ಗಾತ್ರಕ್ಕೂ ಅಪಾಯಕ್ಕೂ ನೇರ ಸಂಬಂಧವಿಲ್ಲ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹತ್ತಿರದ ಸಂಬಂಧಿ ಒಬ್ಬರಿಗೆ ಮೊದಲೊಮ್ಮೆ ಕಣಜ ಕುಟುಕಿದಾಗ ಸ್ವಲ್ಪ ಊದಿತ್ತು, ಅಷ್ಟೇ. ಒಂದು ವರ್ಷದ ನಂತರ ಮತ್ತೆ ಕುಟುಕಿತು. ಮೊಣಕೈ ಹತ್ತಿರ ಒಂದು ನಾಣ್ಯದಷ್ಟು ಊತ. ಏನೂ ಆಗಲ್ಲ ಬಿಡಿ ಅಂದರು. ಹತ್ತು ನಿಮಿಷಕ್ಕೆ ಅಂಗೈ ತುರಿಸುತ್ತಿದೆ ಅಂದರು. ಕಚ್ಚಿದ್ದು ಮೊಣಕೈಗೆ, ತುರಿಕೆ ಎರಡೂ ಅಂಗೈಯಲ್ಲಿ, ಅಂಗಾಲಿನಲ್ಲಿ. ಆಮೇಲೆ ಹೊಟ್ಟೆ ಮೇಲೆ ಗಂಧೆ ಎದ್ದವು, ದನಿ ಒಡೆದಂತಾಯಿತು, ಮತ್ತೆ ಮತ್ತೆ ಗಂಟಲು ಸರಿ ಮಾಡಿಕೊಳ್ಳೋಕೆ ಶುರು ಮಾಡಿದರು. ನಾವು ತಡ ಮಾಡಲಿಲ್ಲ, ಅದಕ್ಕೇ ಅವರು ಇವತ್ತು ನಮ್ಮ ಜೊತೆ ಇದ್ದಾರೆ.

ಇದಕ್ಕೆ ಅನಾಫಿಲ್ಯಾಕ್ಸಿಸ್ ಅನ್ನುತ್ತಾರೆ, ಅಂದರೆ ಇಡೀ ಮೈಗೆ ಹರಡುವ ಜೋರು ಅಲರ್ಜಿ. ಸಾಮಾನ್ಯವಾಗಿ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಬರುತ್ತದೆ. ಕಚ್ಚದ ಜಾಗದಲ್ಲೂ ಗಂಧೆ, ತುಟಿ-ನಾಲಿಗೆ-ಕಣ್ಣಿನ ಸುತ್ತ ಊತ, ಉಸಿರಾಡುವಾಗ ಸಿಳ್ಳೆಯ ಸದ್ದು, ನುಂಗೋಕೆ ಕಷ್ಟ, ವಾಂತಿ, ಹೊಟ್ಟೆ ಹಿಡಿದುಕೊಳ್ಳುವುದು, ತಲೆ ಸುತ್ತು, ಮುಖ ಬಿಳಿಚಿಕೊಳ್ಳುವುದು. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ಉಸಿರಿಗೆ ತೊಂದರೆಯಾದರೆ, ಇಲ್ಲವೇ ತಲೆ ಸುತ್ತಿ ಬೀಳುವಂತಾದರೆ, ಅದೊಂದೇ ಸಾಕು, ಆಂಬುಲೆನ್ಸ್ ಕರೆಯಿರಿ. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಗೆ ಕೊಡುತ್ತಾರೆ. ಅಲರ್ಜಿ ಇದೆ ಅಂತ ಗೊತ್ತಿದ್ದು ಡಾಕ್ಟರು ಮೊದಲೇ ಪೆನ್ನಿನಂಥ ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಕಾಯದೆ ಹಾಕಿ. ಸೆಟಿರಿಜಿನ್ ನುಂಗಿಸಿ ನೋಡೋಣ ಅಂತ ಕೂರಬೇಡಿ, ಅದು ಗಂಧೆಗೆ ಸರಿ, ಮುಚ್ಚುತ್ತಿರುವ ಗಂಟಲಿಗೆ ಅಲ್ಲ. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ. ಎದ್ದು ನಡೆಸಬೇಡಿ, ಬಾತ್‌ರೂಮಿಗೂ ಬೇಡ, ಎದ್ದು ನಿಂತ ತಕ್ಷಣ ರಕ್ತದೊತ್ತಡ ಕುಸಿಯಬಹುದು. ಇಂಜೆಕ್ಷನ್ ಆಗಿ ಹುಷಾರಾದರು ಅಂತ ಕೂಡಲೇ ಮನೆಗೆ ಕರೆದುಕೊಂಡು ಬರಬೇಡಿ. ಕೆಲವು ಗಂಟೆ ಬಿಟ್ಟು ಅದೇ ತೊಂದರೆ ಮರುಕಳಿಸುವುದುಂಟು, ಡಾಕ್ಟರು ಇರಿ ಅಂದಷ್ಟು ಹೊತ್ತು ಅಲ್ಲೇ ಇರಿ.

ಅಲರ್ಜಿ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕಾದ ಸಂದರ್ಭಗಳಿವೆ. ಬಾಯೊಳಗೆ, ಗಂಟಲಲ್ಲಿ ಕುಟುಕಿದರೆ ಅಲ್ಲಿ ಊದಲು ಜಾಗವಿಲ್ಲ, ಹಾಗಾಗಿ ಐಸ್ ತುಂಡು ಚೀಪಿಸುತ್ತಾ ಹೊರಡಿ. ಕಣ್ಣಿಗೆ ಕುಟುಕಿದರೂ ಅಷ್ಟೇ. ಜೇನು ಮುತ್ತಿ ಹತ್ತಾರು ಕಡೆ ಕುಟುಕಿದ್ದರೆ ಆಗ ಚೆನ್ನಾಗಿ ಕಂಡರೂ ಕರೆದೊಯ್ಯಿರಿ, ಅಷ್ಟು ವಿಷ ಕಿಡ್ನಿಗೆ ಪೆಟ್ಟು ಕೊಡಬಹುದು. ಚೇಳು ಕಚ್ಚಿದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ.

ಉಣುಗು ಕಚ್ಚಿದ್ದರೆ ಅವಸರದಲ್ಲಿ ಕಿತ್ತು ಬಿಸಾಡಬೇಡಿ. ಬೆಂಕಿ ತಾಗಿಸುವುದು, ಎಣ್ಣೆ ಹಚ್ಚುವುದು ಬೇಡ. ಚೂಪು ಚಿಮುಟದಿಂದ ಚರ್ಮಕ್ಕೆ ತಾಗಿಕೊಂಡೇ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಕ್ಯಾಲೆಂಡರಿನಲ್ಲಿ ದಿನಾಂಕ ಗುರುತಿಡಿ. ಮುಂದಿನ ಒಂದು ತಿಂಗಳಲ್ಲಿ ಜ್ವರ, ಮೈಮೇಲೆ ದದ್ದು, ಕಪ್ಪು ಹಕ್ಕಳೆ ಕಟ್ಟಿದ ಗಾಯ ಕಂಡರೆ ಉಣುಗಿನ ವಿಷಯ ಡಾಕ್ಟರಿಗೆ ಹೇಳಿ. ಸೊಳ್ಳೆಯೂ ಹಾಗೇ. ಕಚ್ಚಿದ ಗುಳ್ಳೆ ಯಾವತ್ತೋ ಮಾಯವಾಗಿರುತ್ತದೆ, ಡೆಂಗ್ಯೂ ಜ್ವರ ಬರುವುದು 4 ರಿಂದ 10 ದಿನ ಬಿಟ್ಟು, ಮಲೇರಿಯಾ ಇನ್ನೂ ತಡವಾಗಿಯೂ ಬರಬಹುದು. ಆ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತ ಪರೀಕ್ಷೆ ಆಗುವವರೆಗೆ ಪ್ಯಾರಸಿಟಮಾಲ್ ಮಾತ್ರ.

ಡಾಕ್ಟರ ಹತ್ತಿರ ಹೋಗುವಾಗ ಹುಳದ ಫೋಟೋ ಇದ್ದರೆ ತೋರಿಸಿ, ಆದರೆ ಅದಕ್ಕಾಗಿ ಹುಳದ ಹಿಂದೆ ಓಡಬೇಡಿ. ಕಚ್ಚಿದ ಹೊತ್ತು, ಕೊಟ್ಟ ಮಾತ್ರೆ, ಹಿಂದೆ ಯಾವತ್ತಾದರೂ ಹೀಗೆ ಆಗಿತ್ತಾ ಅನ್ನುವುದನ್ನು ಹೇಳಿ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಅಂತಲೂ ಕೇಳುತ್ತಾರೆ. ನಮ್ಮ ಮನೆಯವರೆಲ್ಲರ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಔಷಧಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ, ಪಕ್ಕದಲ್ಲೇ ಗೆರೆ ಎಳೆಯುವ ಆ ಪೆನ್ನೂ ಇದೆ.